ಹಿಟ್ಟು, ರೊಟ್ಟಿ ಮತ್ತು ಒಲೆ: ಅನಿಮೇಷನ್ ಸ್ಟುಡಿಯೊಗಳ ದತ್ತಾಂಶ ಸಂಗ್ರಹದ ಬಗ್ಗೆ ಒಂದು ವಿಚಾರ

ಒಂದೂವರೆ ಗಂಟೆಯ ಕಂಪ್ಯೂಟರ್ ಅನಿಮೇಷನ್ ಚಿತ್ರ ಮುಗಿದು ಕೈಗೆ ಬಂದಾಗ ಅದರ ಗಾತ್ರ ಅಚ್ಚರಿ ಹುಟ್ಟಿಸುವಷ್ಟು ಚಿಕ್ಕದು. ಸೆಕೆಂಡಿಗೆ 24ರಂತೆ ಅದರಲ್ಲಿ 1,29,600 ಫ್ರೇಮುಗಳಿರುತ್ತವೆ. 2048 × 858 ಪಿಕ್ಸೆಲ್ಲಿನ ಫ್ರೇಮಿನಲ್ಲಿ ಪ್ರತಿ ಪಿಕ್ಸೆಲ್ಲಿಗೆ ನಾಲ್ಕು ಚಾನೆಲ್, ಚಾನೆಲ್ಲಿಗೆ ಎರಡು ಬೈಟ್ ಎಂದು ಹಿಡಿದರೆ ಫ್ರೇಮಿಗೆ ಸುಮಾರು 14 ಮೆಗಾಬೈಟ್, ಇಡೀ ಚಿತ್ರಕ್ಕೆ ಸುಮಾರು 1.8 ಟೆರಾಬೈಟ್. 18 ಟೆರಾಬೈಟ್ ಹಿಡಿಸುವ ಒಂದು ಎಲ್‌ಟಿಒ-9 ಟೇಪಿನಲ್ಲಿ ಇಂಥ ಒಂಬತ್ತು ಚಿತ್ರಗಳನ್ನು ಇಡಬಹುದು. ಹಾಗಿದ್ದೂ ದೊಡ್ಡ ಸ್ಟುಡಿಯೊಗಳಿಗೆ ಸರ್ವರುಗಳ ಸಾಲೇ ಬೇಕಾಗುವುದು ತಯಾರಿಕೆಯ ನಡುವೆ ಹುಟ್ಟುವ ದತ್ತಾಂಶದಿಂದ: ಬಟ್ಟೆ, ಕೂದಲು, ನೀರಿನ ಸಿಮ್ಯುಲೇಷನ್‌ಗಳು, ಬೆಳಕಿನ ಬೇರೆ ಬೇರೆ ಪದರಗಳು, ಒಂದೊಂದು ಶಾಟಿಗೂ ಹತ್ತಾರು ಆವೃತ್ತಿಗಳು. ಇವುಗಳಲ್ಲಿ ಯಾವುದನ್ನು ಜೋಪಾನ ಮಾಡಬೇಕು, ಯಾವುದನ್ನು ಅಳಿಸಬಹುದು ಎಂಬುದಕ್ಕೆ ಸ್ಟುಡಿಯೊಗಳು ಸಾಮಾನ್ಯವಾಗಿ ಅನುಸರಿಸುವ ತರ್ಕ ಚಿತ್ರ ತಯಾರಾಗುವ ಕಾಲಕ್ಕೆ ಸರಿ. ಚಿತ್ರ ಮುಗಿದ ಮೇಲೆ ಅದು ತಲೆಕೆಳಗಾಗುತ್ತದೆ ಎಂಬುದು ಈ ಲೇಖನದ ವಾದ.

ತರ್ಕ ಇಷ್ಟೇ. ಕಲಾವಿದರು ಕೈಯಾರೆ ಮಾಡಿದ ಮಾದರಿ, ಅದರ ಒಳಗಿನ ಅಸ್ಥಿಪಂಜರದಂಥ ರಿಗ್, ಚಲನೆಯ ಗುರುತುಗಳು ಮೂಲ. ಯಂತ್ರ ಅದರಿಂದ ಲೆಕ್ಕ ಹಾಕಿ ತೆಗೆದದ್ದೆಲ್ಲ ಫಲ. ಹಿಟ್ಟಿದ್ದರೆ ರೊಟ್ಟಿ ಮತ್ತೆ ತಟ್ಟಬಹುದು. ಆದ್ದರಿಂದ ಮೂಲಕ್ಕೆ ಬ್ಯಾಕಪ್, ಫಲಕ್ಕೆ ವೇಗದ ಆದರೆ ತಾತ್ಕಾಲಿಕ ಡಿಸ್ಕ್. ಈ ತರ್ಕ ಎಷ್ಟು ಫಲಕಾರಿ ಎಂಬುದಕ್ಕೆ ವಾಲ್ಟ್ ಡಿಸ್ನಿ ಅನಿಮೇಷನ್ ಸ್ಟುಡಿಯೊಸ್ 2018ರಲ್ಲಿ ಸಂಶೋಧಕರಿಗೆಂದು ಬಿಡುಗಡೆ ಮಾಡಿದ 'ಮೋಆನಾ' ಚಿತ್ರದ ದ್ವೀಪದ ದೃಶ್ಯವೇ ಸಾಕ್ಷಿ. ಪೂರ್ತಿ ಬಿಡಿಸಿದರೆ 1,500 ಕೋಟಿಗೂ ಮಿಕ್ಕಿದ ಜ್ಯಾಮಿತಿಯ ತುಣುಕುಗಳಾಗುವ ಆ ದೃಶ್ಯದಲ್ಲಿ ನಿಜಕ್ಕೂ ಬೇರೆ ಬೇರೆಯಾದ ಬಹುಭುಜಗಳು ಸುಮಾರು 9 ಕೋಟಿ ಮಾತ್ರ. ಗಿಡವನ್ನು ಒಮ್ಮೆ ಬರೆದಿಟ್ಟು, ಅದು ಎಲ್ಲೆಲ್ಲಿ ನಿಲ್ಲಬೇಕು ಎಂಬುದನ್ನಷ್ಟೇ ಮತ್ತೆ ಮತ್ತೆ ಹೇಳಲಾಗಿದೆ. ಡಿಸ್ಕಿನ ಜಾಗ ಉಳಿಯುವುದರ ಜೊತೆಗೆ, ರೆಂಡರ್ ಫಾರ್ಮಿನ ಸಾವಿರಾರು ಯಂತ್ರಗಳು ಒಂದೇ ಫೈಲನ್ನು ಓದಲು ಒಂದೇ ಹೊತ್ತಿಗೆ ನುಗ್ಗಿದಾಗ ನೆಟ್‌ವರ್ಕ್ ಉಸಿರುಗಟ್ಟುವುದೂ ತಪ್ಪುತ್ತದೆ.

ಮೂಲಕ್ಕೇ ಕುತ್ತು ಬಂದರೆ ಏನಾಗುತ್ತದೆ ಎಂಬುದಕ್ಕೆ ಪಿಕ್ಸಾರ್‌ನ 'ಟಾಯ್ ಸ್ಟೋರಿ 2' ಪ್ರಸಿದ್ಧ ಉದಾಹರಣೆ. 1998ರಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆದೇಶದಿಂದ ಚಿತ್ರದ ಶೇ. 90ರಷ್ಟು ಭಾಗ ಕ್ಷಣಗಳಲ್ಲಿ ಮಾಯವಾಯಿತು, ಬ್ಯಾಕಪ್ ಕೂಡ ಕೈಕೊಟ್ಟಿತ್ತು ಎಂದು ಸಂಸ್ಥೆಯ ಅಂದಿನ ಮುಖ್ಯಸ್ಥರಲ್ಲೊಬ್ಬರಾದ ಎಡ್ ಕ್ಯಾಟ್ಮಲ್ ಬರೆದಿದ್ದಾರೆ. ಬಾಣಂತನದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಚಿತ್ರವನ್ನು ಉಳಿಸಿತು. ಈ ಕಥೆಯನ್ನು ಬ್ಯಾಕಪ್ಪಿನ ಮಹತ್ವ ಸಾರಲು ಎಲ್ಲರೂ ಹೇಳುತ್ತಾರೆ. ಆಮೇಲಿನದನ್ನು ಹೇಳುವವರು ಕಡಿಮೆ: ಕಥೆ ಸಪ್ಪೆಯಾಗಿದೆಯೆಂದು ತೀರ್ಮಾನಿಸಿದ ಸ್ಟುಡಿಯೊ, ಹಾಗೆ ಉಳಿಸಿಕೊಂಡ ಚಿತ್ರವನ್ನು ಕೆಲವೇ ತಿಂಗಳಲ್ಲಿ ಬಹುಪಾಲು ಹೊಸದಾಗಿ ಕಟ್ಟಿ 1999ರ ನವೆಂಬರಿನಲ್ಲಿ ತೆರೆಗೆ ತಂದಿತು. ಹಾಗಾದರೆ ಉಳಿಸಿದ್ದು ವ್ಯರ್ಥವೇ ಎಂದು ಕೇಳಬಹುದು. ನನಗೆ ಕಾಣುವ ಪಾಠ ಬೇರೆ. ಯಾವ ಫೈಲಿಗೆ ಮುಂದೆ ಬೆಲೆ ಬರುತ್ತದೆ ಎಂಬುದು ಅದನ್ನು ಕೂಡಿಡುವ ದಿನ ನಿರ್ದೇಶಕನಿಗೂ ಗೊತ್ತಿರುವುದಿಲ್ಲ. ಹೀಗಾಗಿ ಬೆಲೆಯನ್ನು ಊಹಿಸಿ ವಿಂಗಡಿಸುವುದಕ್ಕಿಂತ ಮತ್ತೆ ಹುಟ್ಟಿಸಬಹುದೇ ಇಲ್ಲವೇ ಎಂದು ವಿಂಗಡಿಸುವುದೇ ವಿವೇಕ.

ಆದರೆ ಮತ್ತೆ ಹುಟ್ಟಿಸುವ ಶಕ್ತಿ ಫೈಲಿನಲ್ಲಿಲ್ಲ. ಅದು ಸಾಫ್ಟ್‌ವೇರಿನಲ್ಲಿದೆ, ಅದನ್ನು ಬಲ್ಲವರಲ್ಲಿದೆ. ಹಿಟ್ಟು ಇದ್ದು ಒಲೆಯೇ ಇಲ್ಲದಿದ್ದರೆ ರೊಟ್ಟಿಯಾಗದು. 1995ರ 'ಟಾಯ್ ಸ್ಟೋರಿ'ಯನ್ನು 2009ರಲ್ಲಿ ತ್ರಿಡಿ ರೂಪದಲ್ಲಿ ಮತ್ತೆ ಬಿಡುಗಡೆ ಮಾಡಲು ಹೊರಟಾಗ ಹಳೆಯ ದತ್ತಾಂಶವನ್ನು ಕೆಲಸಕ್ಕೆ ಬರುವ ಸ್ಥಿತಿಗೆ ತರುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು; ಆ ಕೆಲಸವನ್ನು ಪಿಕ್ಸಾರ್‌ನವರು ಡಿಜಿಟಲ್ ಪುರಾತತ್ತ್ವ ಎಂದೇ ಕರೆದರು. ಚಿತ್ರ ಮಾಡಿದವರೇ ಅಲ್ಲಿದ್ದೂ, ಹದಿನಾಲ್ಕೇ ವರ್ಷಗಳ ಅಂತರದಲ್ಲಿ! ಇದಕ್ಕೆ ಎದುರಾಗಿ 'ಬ್ಯೂಟಿ ಅಂಡ್ ದ ಬೀಸ್ಟ್' (1991) ಚಿತ್ರವನ್ನು ನೋಡಬಹುದು. ಕೈಯಲ್ಲಿ ಬರೆದ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬುವ 'ಕ್ಯಾಪ್ಸ್' ವ್ಯವಸ್ಥೆಯಲ್ಲಿ ತಯಾರಾದ ಅದರ ಫೈಲುಗಳಿಂದಲೇ 2002ರಲ್ಲಿ ಐಮ್ಯಾಕ್ಸ್ ಪ್ರತಿ ಹೊರಬಂತು. ಅಲ್ಲಿ ಉಳಿದದ್ದು ಬಹುಮಟ್ಟಿಗೆ ಚಿತ್ರಪದರಗಳು. ಪದರವನ್ನು ಓದಲು ಬೇಕಾದ ಜ್ಞಾನ ಅಲ್ಪ. ರಿಗ್ಗನ್ನು ಓದಲು ಬೇಕಾದದ್ದು ಅಪಾರ. ತಯಾರಿಕೆಯ ಕಾಲಕ್ಕೆ ಕಸವೆನಿಸುವ ಫಲ, ವರ್ಷಗಳು ಉರುಳಿದ ಮೇಲೆ ಮೂಲಕ್ಕಿಂತ ಚೆನ್ನಾಗಿ ಮಾತಾಡುತ್ತದೆ.

ಡಿಸ್ಕ್ ಅಗ್ಗವಾಗುತ್ತಿರುವಾಗ ಎಲ್ಲವನ್ನೂ ಇಟ್ಟುಕೊಂಡರಾಯಿತಲ್ಲ ಎಂಬ ಆಕ್ಷೇಪ ಸಹಜ. ಆಸ್ಕರ್ ನೀಡುವ ಅಕಾಡೆಮಿಯ 2007ರ ವರದಿ 4ಕೆ ಡಿಜಿಟಲ್ ಮಾಸ್ಟರ್ ಒಂದನ್ನು ಕಾಯ್ದಿಡಲು ವರ್ಷಕ್ಕೆ 12,514 ಡಾಲರ್, ಫಿಲ್ಮಿನಲ್ಲಿಟ್ಟರೆ 1,059 ಡಾಲರ್ ಎಂದು ಅಂದಾಜಿಸಿತ್ತು. ಅಂಕಿ ಹಳತಾಯಿತು, ಡಿಸ್ಕಿನ ದರ ಆಮೇಲೆ ಬಹಳ ಇಳಿದಿದೆ, ಒಪ್ಪುತ್ತೇನೆ. ಇಳಿಯದಿರುವುದು ದತ್ತಾಂಶವನ್ನು ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ದಾಟಿಸುವ, ಕೆಟ್ಟಿಲ್ಲವೆಂದು ಪರೀಕ್ಷಿಸುವ ದುಡಿಮೆ. ಎಲ್‌ಟಿಒ-7ರವರೆಗಿನ ಡ್ರೈವುಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತಿದ್ದವು. ಎಲ್‌ಟಿಒ-8 ಒಂದೇ ತಲೆಮಾರು ಹಿಂದಕ್ಕೆ ಹೋಗುತ್ತದೆ. ಎಲ್‌ಟಿಒ-10 ತನ್ನ ಹಿಂದಿನ ಯಾವ ಟೇಪನ್ನೂ ಓದದು. ಕಪಾಟಿನಲ್ಲಿ ಟೇಪಿದ್ದರೆ ದತ್ತಾಂಶ ಇದ್ದಂತೆಯೇ ಎಂದು ನಂಬುವವರು ಇದನ್ನು ಗಮನಿಸಬೇಕು. ಎಲ್ಲವನ್ನೂ ಇಡುವುದೆಂದರೆ ಎಲ್ಲವನ್ನೂ ಮತ್ತೆ ಮತ್ತೆ ದಾಟಿಸುವುದು. ಕ್ಲೌಡಿಗೆ ಹಾಕಿದರೆ ಆ ದುಡಿಮೆ ಬೇರೆಯವರ ಹೆಗಲಿಗೆ ಹೋಗುತ್ತದೆ ನಿಜ. ಬಾಡಿಗೆ ಮಾತ್ರ ನಿಲ್ಲದು, ಹಳೆಯ ರಿಗ್ಗನ್ನು ತೆರೆಯುವ ಸಾಫ್ಟ್‌ವೇರೂ ಅದರ ಜೊತೆಗೆ ಬಾರದು.

ಸಾಧ್ಯವಿರುವ ದಾರಿ ಇದಕ್ಕಿಂತ ಮಿತವಾದದ್ದು. ತಿರಸ್ಕರಿಸಿದ ಆವೃತ್ತಿಗಳನ್ನು ಅಳಿಸಿ, ಅಂತಿಮ ಆವೃತ್ತಿಯ ಫಲವನ್ನು ಮಾತ್ರ ಬಹಿರಂಗ ಸ್ವರೂಪಗಳಲ್ಲಿ ಕಾಯಂ ಸಂಗ್ರಹಕ್ಕೆ ಏರಿಸುವುದು: ಚಿತ್ರಪದರಗಳಿಗೆ 2003ರಿಂದ ಎಲ್ಲರಿಗೂ ಲಭ್ಯವಿರುವ ಓಪನ್‌ಇಎಕ್ಸ್‌ಆರ್, ಫ್ರೇಮ್ ಫ್ರೇಮಿನ ಆಕಾರಕ್ಕೆ 2011ರ ಅಲೆಂಬಿಕ್, ದೃಶ್ಯದ ಜೋಡಣೆಗೆ ಪಿಕ್ಸಾರ್ 2016ರಲ್ಲಿ ಮುಕ್ತಗೊಳಿಸಿದ ಯುಎಸ್‌ಡಿ. ಬ್ಲೆಂಡರ್ ಫೌಂಡೇಷನ್ 'ಎಲಿಫೆಂಟ್ಸ್ ಡ್ರೀಮ್' (2006), 'ಬಿಗ್ ಬಕ್ ಬನಿ' (2008) ಚಿತ್ರಗಳ ಮೂಲ ಫೈಲುಗಳನ್ನೇ ಸಾರ್ವಜನಿಕರಿಗೆ ಕೊಟ್ಟು ಒಲೆಯನ್ನೂ ಜೊತೆಗೇ ಮುಕ್ತವಾಗಿಟ್ಟಿತು. ಗುಟ್ಟನ್ನೇ ಬಂಡವಾಳವಾಗಿಸಿಕೊಂಡ ವಾಣಿಜ್ಯ ಸ್ಟುಡಿಯೊಗಳಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಅಲೆಂಬಿಕ್ ಫೈಲು ಪಾತ್ರದ ಮೊಣಕೈ ಪ್ರತಿ ಫ್ರೇಮಿನಲ್ಲಿ ಎಲ್ಲಿತ್ತು ಎಂಬುದನ್ನು ಹೇಳುತ್ತದೆ, ಅದನ್ನು ಬೇರೆ ರೀತಿ ಮಡಿಸಲು ಬಿಡುವುದಿಲ್ಲ. ಹಾಗಾಗಿ ರಿಗ್ಗನ್ನು ಎಸೆಯಬೇಕಿಲ್ಲ. ಚಿತ್ರ ಬಿಡುಗಡೆಯಾದ ವಾರವೇ ಜಾಗ ತೆರವು ಮಾಡಲೆಂದು ಮೊದಲು ಅಳಿಸಿಹೋಗುವುದು ಆ ಅಲೆಂಬಿಕ್ ಫೈಲೇ ಆಗದಂತೆ ನೋಡಿಕೊಂಡರೆ ಸಾಕು.