ಮಲ್ಲಗಾಳಗದ ಕಟ್ಟಳೆ

ಮಂಡ್ಯದಿಂದ ನಾಗಮಂಗಲಕ್ಕೆ ಹೋಗುವ ದಾರಿಯಲ್ಲಿರುವ ಬಸರಾಳು ಚಿಕ್ಕ ಊರು. ಆದರೆ ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಕೀರ್ತಿ ದೊಡ್ಡದು. ಹೊಯ್ಸಳ ಇಮ್ಮಡಿ ನರಸಿಂಹನ ಆಳಿಕೆಯಲ್ಲಿ, ಕ್ರಿ. ಶ. 1234ರ ಸುಮಾರಿಗೆ, ಹರಿಹರ ದಣ್ಣಾಯಕನು ಕಟ್ಟಿಸಿದ ಈ ತ್ರಿಕೂಟಾಲಯವನ್ನು ಪ್ರದಕ್ಷಿಣೆಯಾಗಿ ಬಳಸಿ ಬರುವವರಿಗೆ, ಆನೆ ಕುದುರೆಗಳ ಸಾಲುಗಳ ಮೇಲೆ ರಾಮಾಯಣ ಭಾರತಗಳ ಕಥಾಪಟ್ಟಿಕೆಗಳೂ, ಅಂಧಕಾಸುರನ ತಲೆಯ ಮೇಲೆ ನರ್ತಿಸುವ ಹದಿನಾರು ತೋಳುಗಳ ಶಿವನೂ, ಕೈಲಾಸವನ್ನು ಎತ್ತುತ್ತಿರುವ ರಾವಣನೂ ಕಾಣಬರುವರು. ಬಲಕ್ಕೆ ಬಲವು ಇದಿರಾಗುವ ಸಂದರ್ಭಗಳು ಆ ಗೋಡೆಯ ಮೇಲೆ ಹಲವಿವೆ. ಆದರೆ ಶಿಲ್ಪಿಯು ಕಡೆದ ಕಾಳಗಕ್ಕೆ ತೀರ್ಪುಗಾರನು ಬೇಕಿಲ್ಲ. ದೇವನು ಗೆಲ್ಲುವನು, ದೈತ್ಯನು ಬೀಳುವನು; ಪುರಾಣವು ಅದನ್ನು ಮೊದಲೇ ನಿಶ್ಚಯಿಸಿದೆ. ರಕ್ತಮಾಂಸಗಳ ಮನುಷ್ಯನು ತನ್ನಂಥ ಇನ್ನೊಬ್ಬ ಮನುಷ್ಯನೊಡನೆ ಅಖಾಡಕ್ಕಿಳಿದಾಗ ಮಾತ್ರ ಬೇರೊಂದು ಪ್ರಶ್ನೆಯು ಹುಟ್ಟುವುದು: ಈ ಕಾಳಗವು ಎಲ್ಲಿ ನಿಲ್ಲಬೇಕು? ಅದನ್ನು ನಿಲ್ಲಿಸುವ ಅಧಿಕಾರವು ಯಾರದು?

ಈ ಪ್ರಶ್ನೆಯು ಕೇವಲ ಹಳೆಯದಲ್ಲ. ಗುದ್ದು, ಒದೆ, ಹಿಡಿತ, ಕೆಡಹು ಎಲ್ಲವೂ ಒಂದೇ ಕಣದಲ್ಲಿ ಸಲ್ಲುವ ‘ಮಿಶ್ರ ಸಮರಕಲೆ’ ಎಂಬ ಪಂದ್ಯವು ಇಂದು ಲೋಕಪ್ರಸಿದ್ಧವಾಗಿದೆ. ಅದರ ಮೊದಲ ವರ್ಷಗಳ ಚಿತ್ರಗಳನ್ನು ತರುಣರು ಮತ್ತೆ ಮತ್ತೆ ಹಾಕಿಕೊಂಡು ನೋಡುವರು. ಹಿರಿಯರು ಇದೆಂತಹ ಅನಾಗರಿಕತೆಯೆಂದು ಮುಖ ತಿರುಗಿಸುವರು. ಇಂತಹ ಕಾಳಗವು ಹಿಂದೆಂದೂ ಇರಲಿಲ್ಲವೆಂಬುದು ಇಬ್ಬರ ನಂಬಿಕೆಯೂ ಹೌದು. ಆದರೆ ಇದಕ್ಕೆ ಹತ್ತಿರದ ದಾಯಾದಿಯೊಂದು ಕರ್ಣಾಟಕದಲ್ಲಿಯೇ ಶತಮಾನಗಳಿಂದ ಬಾಳಿ ಬಂದಿದೆ. ಅದರ ಹೆಸರು ವಜ್ರಮುಷ್ಟಿ. ಅದರ ಚರಿತ್ರೆಯ ಮುಖ್ಯವಾದ ಅಧ್ಯಾಯಗಳು ನಡೆದುದು, 1939ರಲ್ಲಿ ರಚಿತವಾದ ಈ ಮಂಡ್ಯ ಜಿಲ್ಲೆಯೊಳಗೇ ಇರುವ ಶ್ರೀರಂಗಪಟ್ಟಣದಲ್ಲಿ.

ಮೊದಲು ಹೊರಗಿನ ಸಂಗತಿಯನ್ನು ನೋಡಬಹುದು. 1993ನೆಯ ಇಸವಿ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಎಂಟು ಮೂಲೆಗಳ ಬಲೆಗೂಡೊಂದರಲ್ಲಿ ಎಂಟು ಮಂದಿ ಸ್ಪರ್ಧಿಗಳು ಸೇರಿದರು. ಒಬ್ಬನು ಸುಮೋ ಜಟ್ಟಿ, ಒಬ್ಬನು ಮುಷ್ಟಿಯೋಧ, ಮತ್ತೊಬ್ಬನು ಒದೆಗಾರ. ಹೀಗೆ ಒಂದೊಂದು ವಿದ್ಯೆಯ ಪ್ರತಿನಿಧಿಯಾಗಿ ಒಬ್ಬೊಬ್ಬರು. ತೂಕದ ವರ್ಗಗಳಿರಲಿಲ್ಲ, ಅಂಕ ಹಾಕುವ ತೀರ್ಪುಗಾರರಿರಲಿಲ್ಲ. ಕಚ್ಚುವುದೂ ಕಣ್ಣಿಗೆ ಬೆರಳಿಡುವುದೂ ಹೊರತು ಬಹುಮಟ್ಟಿಗೆ ಎಲ್ಲವೂ ಸಲ್ಲುತ್ತಿದ್ದಿತು. ಕಣದಲ್ಲಿದ್ದ ಮಧ್ಯಸ್ಥನಿಗೆ ಕಾಳಗವನ್ನು ತಾನಾಗಿ ನಿಲ್ಲಿಸುವ ಅಧಿಕಾರವೇ ಇರಲಿಲ್ಲ. ಸೋತವನು ಕೈತಟ್ಟಿ ಒಪ್ಪಿಕೊಳ್ಳಬೇಕು, ಇಲ್ಲವೆ ಅವನ ಕಡೆಯವರು ಬಟ್ಟೆಯೆಸೆಯಬೇಕು. ಮೊದಲನೆಯ ಕಾಳಗವು 26 ಸೆಕೆಂಡುಗಳಲ್ಲಿ ಮುಗಿಯಿತು. ನೆಲಕ್ಕುರುಳಿದ ಸುಮೋ ಜಟ್ಟಿಯ ಮುಖಕ್ಕೆ ಬಿದ್ದ ಒದೆಯಿಂದ ಅವನ ಹಲ್ಲು ಹಾರಿಹೋಯಿತು. ಆದರೆ ಅಂದಿನ ಕೊನೆಯ ಜಯವು ಬಲಿಷ್ಠನಾದ ಗುದ್ದಾಳಿಗೆ ಸಲ್ಲಲಿಲ್ಲ. ಸುಮಾರು 80 ಕಿಲೋಗ್ರಾಂ ತೂಕದ ಬ್ರೆಜಿಲಿನ ಹಾಯ್ಸ್ ಗ್ರೇಸಿಯು ಒಂದೇ ರಾತ್ರಿಯಲ್ಲಿ ಮೂವರನ್ನು ನೆಲಕ್ಕೆಳೆದು, ಹಿಡಿತದಿಂದಲೇ ಸೋಲಿಸಿದನು. ಹಿಡಿತವನ್ನು ಬಲ್ಲವನ ಮುಂದೆ ಗಾತ್ರವು ನಿಲ್ಲದೆಂಬುದು ಅಂದು ನೋಡಿದವರಿಗೆ ಹೊಸ ಪಾಠವಾಯಿತು.

ಆ ಪಾಠವು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು (1126–1138) ತನ್ನ ಮಾನಸೋಲ್ಲಾಸದಲ್ಲಿ ‘ಮಲ್ಲವಿನೋದ’ಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಅವರ ಆಹಾರ, ಅಭ್ಯಾಸ, ಹಿಡಿತಗಳ ವಿವರಗಳಿವೆ. ಸಮಬಲರನ್ನು ಸಮಬಲರೊಡನೆ ಜೋಡಿಸಬೇಕೆಂಬ ಎಚ್ಚರವು ಈ ವಿಂಗಡಣೆಯ ಹಿಂದಿದೆ. ಡೆನ್ವರಿನ ವ್ಯವಸ್ಥಾಪಕರು 1993ರಲ್ಲಿ ಮರೆತಿದ್ದ ಮಾತನ್ನು ಕಲ್ಯಾಣದ ದೊರೆಯು ಹನ್ನೆರಡನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದನೆಂಬುದು ಗಮನಾರ್ಹವಾಗಿದೆ. ‘ಜಟ್ಟಿ’ ಎಂಬ ಕನ್ನಡ ಮಾತಿಗೂ ಗುಜರಾತಿನ ಮೊಢೇರದ ಜ್ಯೇಷ್ಠೀಮಲ್ಲರೆಂಬ ಮನೆತನಗಳ ಹೆಸರಿಗೂ ಸಂಬಂಧವುಂಟು. ಇವರು ನಿಂಬಜಾದೇವಿಯ ಭಕ್ತರು. ಮಲ್ಲವಿದ್ಯೆಯನ್ನು ವಂಶಪರಂಪರೆಯಿಂದ ಕಾಪಾಡಿಕೊಂಡು ಬಂದವರು.

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರವು ಇನ್ನೂ ಸ್ಪಷ್ಟವಾಗುವುದು. ಕೃಷ್ಣದೇವರಾಯನ ಆಸ್ಥಾನವನ್ನು 1520ರ ಸುಮಾರಿನಲ್ಲಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಮಹಾನವಮಿಯ ಜಟ್ಟಿಕಾಳಗವನ್ನು ವರ್ಣಿಸುತ್ತ, ಇದು ತನ್ನ ದೇಶದ ಕುಸ್ತಿಯಂತಲ್ಲವೆಂದು ಹೇಳುವನು. ಇಲ್ಲಿ ಕೆಡಹುವುದೂ ಉಂಟು, ಗುದ್ದುವುದೂ ಉಂಟು. ಹಲ್ಲು ಮುರಿಯುವಷ್ಟು, ಕಣ್ಣು ಹೋಗುವಷ್ಟು ಬಲವಾದ ಪೆಟ್ಟುಗಳು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ. ಆದರೆ ಅದೇ ಪ್ರವಾಸಿಯು ಇನ್ನೊಂದು ಮಾತನ್ನೂ ಸೇರಿಸಿರುವನು: ಈ ಜಟ್ಟಿಗಳಿಗೆ ನಾಯಕರಿದ್ದರು, ನ್ಯಾಯ ಹೇಳುವವರಿದ್ದರು, ಕಣದಲ್ಲಿ ಇಬ್ಬರನ್ನೂ ಸಮವಾಗಿ ನಿಲ್ಲಿಸುವುದೂ ಗೆದ್ದವನಿಗೆ ಮರ್ಯಾದೆಯನ್ನು ಸಲ್ಲಿಸುವುದೂ ಅವರ ಕೆಲಸವಾಗಿದ್ದಿತು. ಅಚ್ಯುತರಾಯನ ಕಾಲದಲ್ಲಿ ಬರೆದ ಫೆರ್ನಾವೊ ನ್ಯೂನಿಜನು, ಮೊನೆಗಳುಳ್ಳ ಬಳೆಯಂತಹ ಆಯುಧವನ್ನು ಕೈಯಲ್ಲಿ ಹಿಡಿದು ಪರಸ್ಪರ ಗಾಯಗೊಳಿಸುವ ಜಟ್ಟಿಗಳನ್ನು ಹೆಸರಿಸುವನು. ಇದು ವಜ್ರಮುಷ್ಟಿಯಲ್ಲದೆ ಬೇರೆಯಲ್ಲ. ಅವನ ಮಾತಿನಂತೆ, ಹೆಚ್ಚು ಗಾಯಗೊಂಡವನೇ ಮುಂದೆ ಬಂದು ಅರಸನಿಂದ ರೇಷ್ಮೆಯ ಬಟ್ಟೆಯನ್ನು ಪಡೆಯುತ್ತಿದ್ದನು. ಪೆಟ್ಟು ತಿಂದವನು ಬರಿಗೈಯಲ್ಲಿ ಹಿಂದಿರುಗಬಾರದೆಂಬ ಈ ಪದ್ಧತಿಯಲ್ಲಿ ಒಂದು ಬಗೆಯ ಧರ್ಮವು ಅಡಗಿದೆ.

ವಿಜಯನಗರದ ಮಹಾನವಮಿಯು ಶ್ರೀರಂಗಪಟ್ಟಣಕ್ಕೆ ಬಂದುದು 1610ರಲ್ಲಿ, ರಾಜ ಒಡೆಯರಿಂದ. ಅದರೊಡನೆ ಜಟ್ಟಿಕಾಳಗವೂ ಕಾವೇರಿಯ ದಡಕ್ಕೆ ಬಂದಿತು. ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ ನವರಾತ್ರಿಯ ವೈಭವವನ್ನು ಗೋವಿಂದವೈದ್ಯನು 1648ರಲ್ಲಿ ತನ್ನ ಸಾಂಗತ್ಯ ಕಾವ್ಯದಲ್ಲಿ ವರ್ಣಿಸಿರುವನು. ಅಲ್ಲಿ ಜಟ್ಟಿಗಳಿಗೂ ಸ್ಥಾನವುಂಟು. ಈ ಅರಸನು ಪಟ್ಟಕ್ಕೆ ಬರುವ ಮುನ್ನ ವೇಷ ಮರಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ, ಅಲ್ಲಿಯ ಗರ್ವಿಷ್ಠನಾದ ವೀರನೊಬ್ಬನನ್ನು ಕತ್ತಿವರಸೆಯಲ್ಲಿ ಕೆಡಹಿ, ಬಹುಮಾನಕ್ಕೂ ನಿಲ್ಲದೆ ಅದೇ ರಾತ್ರಿ ಊರು ಬಿಟ್ಟನೆಂಬ ಐತಿಹ್ಯವನ್ನು ವಿಲ್ಕ್ಸ್ ಸಾಹೇಬನು 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಸೇರಿಸಿರುವನು. ಕಥೆಯ ಅಲಂಕಾರಗಳನ್ನು ಕಳೆದರೂ ಉಳಿಯುವ ಸಾರವಿದು: ದೊರೆಯೇ ಅಖಾಡಕ್ಕಿಳಿದು ಪೆಟ್ಟಿನ ಅಪಾಯವನ್ನು ತಾನೂ ಹೊರುವವನೆಂದು ಜನರು ನಂಬಿದ್ದರು, ಆ ಕಾರಣಕ್ಕಾಗಿಯೇ ಅವನನ್ನು ಕೊಂಡಾಡಿದರು.

ಆಮೇಲಿನ ಚಿತ್ರವು ಬೇರೆ. ಇಂಗ್ಲಿಷರ ಹಡಗಿನ ಹುಡುಗನಾಗಿದ್ದು, 1782ರಲ್ಲಿ ಫ್ರೆಂಚರಿಂದ ಹೈದರನ ವಶಕ್ಕೆ ಬಂದು, ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿಯೆಂಬವನ ವೃತ್ತಾಂತವು 1824ರಲ್ಲಿ ಪ್ರಕಟವಾಯಿತು. ಟಿಪ್ಪು ಸುಲ್ತಾನನ ಮುಂದೆ ನಡೆದ ಜಟ್ಟಿಕಾಳಗವನ್ನು ಅದರಲ್ಲಿ ವಿವರಿಸಿದೆ. ಗುರುಗಳನ್ನು ಮುಂದಿಟ್ಟುಕೊಂಡು ಬಂದ ಜಟ್ಟಿಗಳು ನೆಲಮುಟ್ಟಿ ಸಲಾಮು ಮಾಡುವರು. ಒಂದು ಗರಡಿಯವನನ್ನು ಇನ್ನೊಂದು ಗರಡಿಯವನಿಗೆ ಜೋಡಿಸುವರು. ಬೋಳಿಸಿದ ತಲೆ, ಎಣ್ಣೆ ಹಚ್ಚಿದ ಮೈ, ಗಿಡ್ಡ ಚಲ್ಲಣ. ಬಲಗೈಯ ಬೆರಳುಗಂಟುಗಳ ಮೇಲೆ ಉಕ್ಕಿನ ನಾಲ್ಕು ಉಗುರುಗಳು. ಸನ್ನೆಯಾದೊಡನೆ ಕೊರಳ ಹೂವನ್ನು ಕಿತ್ತು ಎದುರಾಳಿಯ ಮುಖಕ್ಕೆಸೆದು ಮೇಲೆ ಬೀಳುವರು. ಗುದ್ದಿನಿಂದ ರಕ್ತವು ಸುರಿಯುತ್ತಿದ್ದರೂ ಕಾಳಗದ ನಿಜವಾದ ನಿರ್ಣಯವು ಹಿಡಿತದಲ್ಲಿಯೇ. ಮೇಲಿದ್ದವನು ಯಾರು, ಕೆಳಗಿದ್ದವನು ಯಾರು ಎಂಬುದು ಮುಖ್ಯವಲ್ಲ, ಬಿಡಿಸಿಕೊಳ್ಳಲಾರದ ಹಿಡಿತವನ್ನು ಹಾಕಿದವನೇ ಗೆದ್ದವನು. ಡೆನ್ವರಿನಲ್ಲಿ ಗ್ರೇಸಿಯು ತೋರಿಸಿದುದನ್ನು ಇನ್ನೂರು ವರ್ಷ ಮೊದಲೇ ಶ್ರೀರಂಗಪಟ್ಟಣದ ಸೆರೆಯಾಳೊಬ್ಬನು ಕಣ್ಣಾರೆ ಕಂಡು ಬರೆದಿದ್ದನು.

ಆದರೆ ಸ್ಕರಿಯ ಬರಹದಲ್ಲಿ ನ್ಯಾಯ ಹೇಳುವವರು ಕಾಣಬರುವುದಿಲ್ಲ. ಜಟ್ಟಿಯು ಹಿಂಜರಿದರೆ ಅವನನ್ನು ಮುಂದಕ್ಕೆ ನೂಕಲು ಒಬ್ಬೊಬ್ಬನ ಬೆನ್ನ ಹಿಂದೆ ಇಬ್ಬಿಬ್ಬರು ಆಳುಗಳು ನಿಂತಿದ್ದರಂತೆ. ಕೈಕಾಲು ಮುರಿದು ಬಿದ್ದ ಹೊರತು, ಸುಲ್ತಾನನ ಮನಸ್ಸು ತಣಿಯುವವರೆಗೂ ಕಾಳಗವು ನಡೆಯಬೇಕು. ಚೆನ್ನಾಗಿ ಕಾದಿದವನಿಗೆ ರುಮಾಲು, ಶಾಲು. ಸೆರೆಯಲ್ಲಿ ಬೆಂದವನ ಲೇಖನಿಯು ಸೆರೆಯಲ್ಲಿಟ್ಟವನ ವಿಷಯದಲ್ಲಿ ಮೃದುವಾಗಿರಲಾರದೆಂಬುದನ್ನು ವಾಚಕರು ಮರೆಯಲಾಗದು. ಆದಾಗ್ಯೂ ಬೋಳುತಲೆ, ಹೂವಿನ ಎಸೆತ, ಮುಷ್ಟಿಯ ಆಯುಧ ಮುಂತಾದುವುಗಳಲ್ಲಿ ಅವನ ಮಾತು ಪರಂಪರೆಗೆ ಒಪ್ಪುವುದರಿಂದ ಇಡಿಯ ಚಿತ್ರವನ್ನು ತಳ್ಳಿಹಾಕುವಂತೆಯೂ ಇಲ್ಲ. ಜಟ್ಟಿಗಳನ್ನು ಅರಸೊತ್ತಿಗೆಯು ಇನ್ನೊಂದು ಘೋರ ಕಾರ್ಯಕ್ಕೂ ಬಳಸಿದ್ದುಂಟು: ಕತ್ತು ತಿರುವಿ ಅಪರಾಧಿಗಳ ಪ್ರಾಣ ತೆಗೆಯುವ ಕೆಲಸವು ಅವರ ಪಾಲಿಗೆ ಬಂದಿದ್ದಿತು. ವಿದ್ಯೆಯು ಅವರದು, ಆಜ್ಞೆಯು ಬೇರೆಯವರದು. ವಿದ್ಯೆಗೆ ಒಡೆಯನಾದವನು ತನ್ನ ಕೈಗೆ ಒಡೆಯನಲ್ಲದೆ ಹೋದಾಗ ಮಲ್ಲನು ಎಷ್ಟು ಬಲಿಷ್ಠನಾದರೂ ಪರಾಧೀನನೇ. ಆದುದರಿಂದ ಈ ಚರಿತ್ರೆಯಲ್ಲಿ ಕ್ರೌರ್ಯವನ್ನು ಹುಡುಕುವವರು ಉಕ್ಕಿನ ಉಗುರುಗಳನ್ನು ಮಾತ್ರ ನೋಡಿದರೆ ಸಾಲದು; ಬೆನ್ನ ಹಿಂದೆ ನಿಂತ ಆ ಇಬ್ಬರು ಆಳುಗಳನ್ನು ನೋಡಬೇಕು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ರಾಜಧಾನಿಯು ಮೈಸೂರಿಗೆ ಹೋದ ಮೇಲೆ ವಜ್ರಮುಷ್ಟಿಯೂ ಅಲ್ಲಿಗೆ ಹೋಯಿತು. 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ವಿವರವನ್ನು ಏಳು ಸಂಪುಟಗಳಲ್ಲಿ ಹೊರತಂದ ಥರ್ಸ್ಟನ್ನನು, ಮೈಸೂರಿನ ಜಟ್ಟಿಗಳು ಈ ಮುಷ್ಟಿಯಾಯುಧಗಳನ್ನು ಇನ್ನೂ ಇಟ್ಟುಕೊಂಡು ದಸರೆಯಲ್ಲಿ ಕಾದುವರೆಂದು ಬರೆದನು. ತೆಲುಗು ಸೀಮೆಯ ಜಟ್ಟಿಗಳು ಮೈತಿಕ್ಕಿ ತೈಲ ಹಚ್ಚಿ ನರದ ನೋವನ್ನು ಗುಣಪಡಿಸುವರೆಂದೂ ಅವನೇ ದಾಖಲಿಸಿರುವನು. ಅಂಗವನ್ನು ಮುರಿಯಬಲ್ಲ ಕೈಯೇ ಅದನ್ನು ಸರಿಪಡಿಸಲೂ ಬಲ್ಲುದು. ಅರಸೊತ್ತಿಗೆಯು ಅಳಿದ ಮೇಲೂ ವಿಜಯದಶಮಿಯ ದಿನ ಮೈಸೂರು ಅರಮನೆಯ ತೊಟ್ಟಿಯಲ್ಲಿ ಈ ಕಾಳಗವು ನಡೆದುಕೊಂಡು ಬಂದಿದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳಿಂದ ಆರಿಸಿದ ಜೋಡಿಗಳು ತಲೆ ಬೋಳಿಸಿಕೊಂಡು, ಮಣ್ಣಿನ ಕಣಕ್ಕೆ ಇಳಿಯುವರು. ಒಬ್ಬನ ತಲೆಯಿಂದ ಮೊದಲ ರಕ್ತಬಿಂದುವು ಚಿಮ್ಮಿದೊಡನೆ ಕಾಳಗವು ನಿಲ್ಲುವುದು. ಕ್ಷಣಕಾಲದಲ್ಲಿ ಎಲ್ಲವೂ ಮುಗಿಯುವುದರಿಂದ ಹೊಸದಾಗಿ ನೋಡುವವರಿಗೆ ಇಷ್ಟೇ ಏನು ಎನಿಸುವುದೂ ಉಂಟು. ಆದರೆ ಆ ‘ಇಷ್ಟೇ’ ಎಂಬುದರಲ್ಲಿಯೇ ಕಟ್ಟಳೆಯ ಗೆಲುವಿದೆ. ಯಾರ ಮನಸ್ಸು ತಣಿಯಿತು, ಯಾರದು ತಣಿಯಲಿಲ್ಲವೆಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ತೊಟ್ಟು ರಕ್ತವೇ ತೀರ್ಪು.

ಅಮೆರಿಕದ ಪಂದ್ಯವೂ ಇದೇ ದಾರಿಯನ್ನು ತುಳಿಯಬೇಕಾಯಿತು. 1994ರಲ್ಲಿ ಮಧ್ಯಸ್ಥನಿಗೆ ಕಾಳಗವನ್ನು ನಿಲ್ಲಿಸುವ ಅಧಿಕಾರವು ದೊರೆಯಿತು. 1995ರಲ್ಲಿ ಕಾಲಮಿತಿಯು ಬಂದಿತು. 1996ರಲ್ಲಿ ಸೆನೆಟರ್ ಜಾನ್ ಮೆಕೇನರು ಈ ಪಂದ್ಯವನ್ನು ಮನುಷ್ಯರ ಕೋಳಿ ಅಂಕವೆಂದು ಹಳಿದು, ಹಲವು ಸಂಸ್ಥಾನಗಳಲ್ಲಿ ಅದನ್ನು ತಡೆಯಲು ಪ್ರಯತ್ನಪಟ್ಟರು. 1997ರಲ್ಲಿ ತೂಕದ ವರ್ಗಗಳೂ ಕೈಚೀಲಗಳೂ ಬಂದವು. 2000ದಲ್ಲಿ ನ್ಯೂಜರ್ಸಿಯಲ್ಲಿ ಏಕರೂಪದ ನಿಯಮಾವಳಿಯು ಆಚರಣೆಗೆ ಬಂದಿತು. ಕಾಳಗವು ಇದರಿಂದ ಸಪ್ಪೆಯಾಗಲಿಲ್ಲ. ಬದಲಾಗಿ ಬೆಳೆಯಿತು, ಉಳಿಯಿತು. ಕಟ್ಟಳೆಯಿಲ್ಲದ ಆ ಮೊದಲ ವರ್ಷಗಳನ್ನು ಈಗ ಮತ್ತೆ ನೋಡುವವರಿಗೆ ಶೌರ್ಯವು ಕಾಣುವುದು ನಿಜ. ಆದರೆ ಬಿದ್ದವನ ಮೇಲೆ ಮತ್ತೆ ಪೆಟ್ಟು ಬೀಳುತ್ತಿರುವಾಗ ನೋಡುವವನ ಕಣ್ಣು ತಾನಾಗಿಯೇ ಮಧ್ಯಸ್ಥನನ್ನು ಹುಡುಕುವುದು. ಏಳು ವರ್ಷಗಳಲ್ಲಿ ಅಮೆರಿಕವು ಕಲಿತ ಈ ಪಾಠವನ್ನು ಕರ್ಣಾಟಕವು ಒಮ್ಮೆ ಬಲ್ಲುದಾಗಿ, ನಡುವೆ ಕಳೆದುಕೊಂಡು, ಮತ್ತೆ ಪಡೆಯಿತೆಂದು ಹೇಳಬಹುದು.

ಮಂಡ್ಯ ಸೀಮೆಯ ಹಳ್ಳಿಗಳಿಗೆ ಗರಡಿಯ ಕೆಮ್ಮಣ್ಣು ಅಪರಿಚಿತವಲ್ಲ. ಎದುರಾಳಿಯನ್ನು ಚಿತ್ ಮಾಡುವವರೆಗೆ ಕಾಲಮಿತಿಯಿಲ್ಲದೆ ನಡೆಯುವ ಮಾರ್ಪಿಟ್ ಕುಸ್ತಿಯನ್ನು ಮೈಸೂರಿನ ದಸರೆಯಲ್ಲಿ ಇಂದಿಗೂ ನೋಡಬಹುದು. ಅಲ್ಲಿಯೂ ಉಸ್ತಾದರ ಒಂದು ಕೈಸನ್ನೆಗೆ ಪೈಲ್ವಾನನು ಹಿಡಿತವನ್ನು ಸಡಿಲಿಸುವನು. ವಜ್ರಮುಷ್ಟಿಯು ಮಾತ್ರ ಕೆಲವೇ ಮನೆತನಗಳಲ್ಲಿ, ವರ್ಷಕ್ಕೊಂದು ಬೆಳಗಿನ ಕೆಲವು ಕ್ಷಣಗಳಲ್ಲಿ ಉಸಿರಾಡುತ್ತಿದೆ. ಅದನ್ನು ಬರಿಯ ದಸರೆಯ ತಮಾಷೆಯೆಂದು ನೋಡಿ ಮರೆಯುವುದಾದರೆ ಹೋಗುವುದು ಒಂದು ವರಸೆಯಷ್ಟೇ ಅಲ್ಲ. ಹಿಡಿತಗಳ ಹೆಸರುಗಳೂ, ಮೈಯನ್ನು ಪಳಗಿಸುವ ಕ್ರಮವೂ, ನೋವನ್ನು ಇಳಿಸುವ ಕೈಗುಣವೂ, ಎಲ್ಲಕ್ಕಿಂತ ಮಿಗಿಲಾಗಿ ಬಲವನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆಯೂ ಅದರೊಡನೆಯೇ ಹೋಗುವುವು. ಹಿರಿಯ ಜಟ್ಟಿಗಳು ಬದುಕಿರುವಾಗಲೇ ಅವರ ಬಾಯಿಂದ ಇವುಗಳನ್ನು ಕೇಳಿ ಬರೆದಿಡುವುದು ಈ ಸೀಮೆಯ ವಿದ್ಯಾವಂತರ ಕರ್ತವ್ಯವಾಗಿದೆ. ಬಸರಾಳಿನ ಶಿಲ್ಪಿಗಳು ಕಲ್ಲಿನಲ್ಲಿ ಬಿಟ್ಟುಹೋದುದು ಎಂಟು ಶತಮಾನ ಉಳಿದಿದೆ. ಮೈಯಲ್ಲಿ ಮಾತ್ರ ಉಳಿದಿರುವ ವಿದ್ಯೆಗೆ ಅಷ್ಟು ಆಯುಸ್ಸಿಲ್ಲ.