ಕುಟುಂಬ ನೆರವು ಕೇಂದ್ರ: ಮಕ್ಕಳ ಆಸ್ಪತ್ರೆಯ ಮಗ್ಗುಲ ಮನೆ

ಮಗು ಆಸ್ಪತ್ರೆ ಸೇರಿತೆಂದರೆ ಮನೆಯೇ ಆಸ್ಪತ್ರೆ ಸೇರಿದ ಹಾಗೆ. ಮಂಚ ಒಂದೇ, ಆದರೆ ಅದರ ಸುತ್ತ ತಾಯಿಯ ನಿದ್ದೆ, ತಂದೆಯ ಕೂಲಿ, ಅಜ್ಜಿಯ ಬಳಿ ಬಿಟ್ಟುಬಂದ ಇನ್ನೊಂದು ಮಗುವಿನ ಶಾಲೆ ಎಲ್ಲವೂ ಏರುಪೇರಾಗುತ್ತವೆ. ಇಂಥ ಕುಟುಂಬಕ್ಕೆ ತಂಗಲು ಕೋಣೆ, ಬೇಯಿಸಿಕೊಳ್ಳಲು ಒಲೆ, ಬಟ್ಟೆ ಒಗೆಯಲು ಜಾಗ ಕೊಟ್ಟು, ಕಾಯಿಲೆಯ ಬಗ್ಗೆ ತಿಳಿಯುವ ಮಾತಿನಲ್ಲಿ ಹೇಳುವ ವ್ಯವಸ್ಥೆಯೇ ಕುಟುಂಬ ನೆರವು ಕೇಂದ್ರ. ಕೆಲವು ಆಸ್ಪತ್ರೆಯ ಒಳಗೇ ಇರುತ್ತವೆ, ಕೆಲವು ಗೇಟಿನಾಚೆಯ ಬೀದಿಯಲ್ಲಿ. ಪಶ್ಚಿಮದ ದೇಶಗಳಲ್ಲಿ ಇವುಗಳ ಚರಿತ್ರೆ ‘ತಾಯಿಯನ್ನು ವಾರ್ಡಿನೊಳಗೆ ಬಿಡಿ’ ಎಂಬ ಜಗಳದಿಂದ ಶುರುವಾಗುತ್ತದೆ. ಭಾರತದಲ್ಲಿ ಆ ಜಗಳ ಅಷ್ಟಾಗಿ ಬೇಕಾಗಲಿಲ್ಲ. ಇಲ್ಲಿ ತಾಯಿ ಮೊದಲಿಂದಲೂ ಮಂಚದ ಪಕ್ಕದಲ್ಲೇ ಇದ್ದಳು; ಅವಳಿಗೆ ಮಲಗಲು ಜಾಗವಿರಲಿಲ್ಲ.

ಮಕ್ಕಳಿಗೆಂದೇ ಆಸ್ಪತ್ರೆ ಕಟ್ಟುವ ಪದ್ಧತಿ ಯುರೋಪಿನಲ್ಲಿ ಬೇರೂರಿದ್ದು 19ನೇ ಶತಮಾನದಲ್ಲಿ. ಪ್ಯಾರಿಸ್ಸಿನಲ್ಲಿ 1802ರಲ್ಲಿ ಮಕ್ಕಳ ಆಸ್ಪತ್ರೆ ತೆರೆಯಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ 1852ರಲ್ಲಿ ಹತ್ತು ಹಾಸಿಗೆಗಳೊಂದಿಗೆ ಆರಂಭವಾಯಿತು. ಆಗಿನ್ನೂ ಆ್ಯಂಟಿಬಯಾಟಿಕ್‌ಗಳಿರಲಿಲ್ಲ. ದಡಾರ, ಗಂಟಲಮಾರಿಯಂಥ ಅಂಟುರೋಗ ಹೊರಗಿನಿಂದ ವಾರ್ಡಿಗೆ ಬಂದರೆ ಸಾಲು ಮಂಚಗಳೇ ಖಾಲಿಯಾಗುವ ಭಯ. ಹಾಗಾಗಿ ಹೆತ್ತವರ ಭೇಟಿಗೆ ಕಟ್ಟುಪಾಡು ಬಿತ್ತು. ಭಯ ಕಡಿಮೆಯಾದ ಮೇಲೂ ಕಟ್ಟುಪಾಡು ಸಡಿಲವಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ನೆಪ ಹುಟ್ಟಿಕೊಂಡಿತ್ತು: ಅಮ್ಮ ಬಂದು ಹೋದ ಮೇಲೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ, ಆದ್ದರಿಂದ ಬರದಿರುವುದೇ ಒಳ್ಳೆಯದು.

1949ರಲ್ಲಿ ಲಂಡನ್ನಿನ ಆಸ್ಪತ್ರೆಗಳ ಭೇಟಿ ಸಮಯವನ್ನು ಪಟ್ಟಿಮಾಡಿದವರಿಗೆ ಸಿಕ್ಕ ವಿವರ ಇಂದು ಓದಿದರೆ ನಂಬುವುದು ಕಷ್ಟ. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಸೇಂಟ್ ಥಾಮಸ್‌ನಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ ಏಳರಿಂದ ಎಂಟರೊಳಗೆ ನಿದ್ದೆ ಹೋದ ಮಗುವನ್ನು ನೋಡಿಕೊಂಡು ಹೋಗಬಹುದು, ಅಷ್ಟೇ.

ಇದಕ್ಕೆ ಹೊರತಾದವರೂ ಇದ್ದರು. ನ್ಯೂಕ್ಯಾಸಲ್‌ನ ಮಕ್ಕಳ ವೈದ್ಯ ಜೇಮ್ಸ್ ಸ್ಪೆನ್ಸ್ ತಮ್ಮ ಶಿಶು ಆಸ್ಪತ್ರೆಯಲ್ಲಿ 1920ರ ದಶಕದಲ್ಲೇ ತಾಯಂದಿರನ್ನು ಮಗುವಿನೊಂದಿಗೆ ಉಳಿಸಿಕೊಂಡು, ಆರೈಕೆಯನ್ನು ಅವರ ಕೈಗೇ ಕೊಟ್ಟಿದ್ದರು. ನ್ಯೂಜಿಲೆಂಡಿನಲ್ಲಿ ಸೀಳುತುಟಿಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಿಕರಿಲ್ ದಂಪತಿ ಮಾಡಿದ್ದೂ ಅದನ್ನೇ. ಆದರೆ ಇವು ಒಂಟಿ ಉದಾಹರಣೆಗಳಾಗಿಯೇ ಉಳಿದವು.

ಈ ಕಟ್ಟುಪಾಡಿನ ಗೋಡೆಯಲ್ಲಿ ಬಿರುಕು ಬಿಡಿಸಿದ್ದು ಒಂದು ಮೂಕಿ ಚಿತ್ರ. ಸ್ಕಾಟ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ವೈದ್ಯರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುನಿಲಯದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಬಳಿಕ ಸಮಾಜ ಕಾರ್ಯಕರ್ತರಾಗಿ ಮನೋವೈದ್ಯ ಜಾನ್ ಬೋಲ್ಬಿ ಅವರ ಜೊತೆ ಸೇರಿದರು. ಹೊಕ್ಕುಳಿನ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಲಾರಾ ಎಂಬ ಎರಡು ವರ್ಷದ ಹುಡುಗಿಯನ್ನು ಅವರು ಕ್ಯಾಮೆರಾದಲ್ಲಿ ಹಿಡಿದರು. ಬೇಕಾದ್ದನ್ನಷ್ಟೇ ಆರಿಸಿ ತೋರಿಸಿದ್ದಾರೆ ಎಂಬ ಮಾತು ಬರಬಾರದೆಂದು ದಿನವೂ ಗೊತ್ತಾದ ಹೊತ್ತಿಗೇ ಚಿತ್ರೀಕರಿಸಿದರು; ಗೋಡೆ ಗಡಿಯಾರವೂ ಚೌಕಟ್ಟಿನಲ್ಲಿ ಕಾಣುವಂತೆ ನೋಡಿಕೊಂಡರು. ಲಾರಾ ರಂಪ ಮಾಡುವ ಮಗುವಲ್ಲ. ಅಳು ನುಂಗಿಕೊಂಡು ಬೊಂಬೆ ತಬ್ಬಿ ಕೂರುತ್ತಾಳೆ. ಎಂಟನೆಯ ದಿನ ಮನೆಗೆ ಹೊರಟಾಗ ಅಮ್ಮ ಕೈ ಚಾಚಿದರೆ ಹಿಡಿಯಲು ಒಲ್ಲೆ ಎನ್ನುತ್ತಾಳೆ. 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ಚಿತ್ರ ತೋರಿಸಿದಾಗ ಸಭೆಯಲ್ಲಿದ್ದ ವೈದ್ಯರು, ದಾದಿಯರು ಸಿಟ್ಟಿಗೆದ್ದರು. ಹಾಗೆ ಸಿಟ್ಟಾದವರಲ್ಲಿ ಡರ್ಮಾಡ್ ಮೆಕಾರ್ಥಿ ಎಂಬ ಮಕ್ಕಳ ವೈದ್ಯರೂ ಒಬ್ಬರು. ತಮ್ಮ ವಾರ್ಡಿಗೆ ಹಿಂದಿರುಗಿದ ಮೇಲೆ ಅವರಿಗೆ ಅಲ್ಲೆಲ್ಲ ಲಾರಾಗಳೇ ಕಾಣಿಸತೊಡಗಿದರು. ತಾಯಿ ಜೊತೆಗಿದ್ದರೆ ಆಸ್ಪತ್ರೆ ಹೇಗಿರುತ್ತದೆಂದು ರಾಬರ್ಟ್‌ಸನ್ ಎರಡನೆಯ ಚಿತ್ರ ತೆಗೆದದ್ದು ಇದೇ ಮೆಕಾರ್ಥಿಯವರ ವಾರ್ಡಿನಲ್ಲಿ.

1959ರಲ್ಲಿ ಮೂಳೆ ಶಸ್ತ್ರಚಿಕಿತ್ಸಕ ಸರ್ ಹ್ಯಾರಿ ಪ್ಲಾಟ್ ಅಧ್ಯಕ್ಷತೆಯ ಸಮಿತಿ ಬ್ರಿಟಿಷ್ ಸರ್ಕಾರಕ್ಕೆ ವರದಿ ಕೊಟ್ಟಿತು: ಭೇಟಿಗೆ ಹೊತ್ತುಗೊತ್ತಿನ ಕಟ್ಟು ಬೇಡ, ಐದು ವರ್ಷದೊಳಗಿನ ಮಕ್ಕಳ ಜೊತೆ ತಾಯಿಗೂ ಉಳಿಯಲು ಅವಕಾಶವಿರಲಿ. ಸರ್ಕಾರ ಒಪ್ಪಿತು, ಆಸ್ಪತ್ರೆಗಳು ಒಪ್ಪಲು ಆತುರಪಡಲಿಲ್ಲ. ಕಡೆಗೆ 1961ರಲ್ಲಿ ಲಂಡನ್ನಿನ ಬ್ಯಾಟರ್ಸೀಯ ಕೆಲವು ತಾಯಂದಿರು ತಾವೇ ಸಂಘ ಕಟ್ಟಿಕೊಂಡು ವಾರ್ಡುಗಳ ಬಾಗಿಲು ಬಡಿದರು. 1988ರಲ್ಲಿ ನೆದರ್‌ಲೆಂಡ್ಸಿನ ಲೈಡನ್‌ನಲ್ಲಿ ಸೇರಿದ ಯುರೋಪಿನ ಸಂಘಗಳು ಆಸ್ಪತ್ರೆಯಲ್ಲಿರುವ ಮಗುವಿನ ಹಕ್ಕುಗಳನ್ನು ಹತ್ತು ಅಂಶಗಳಲ್ಲಿ ಬರೆದಿಟ್ಟವು.

ಬಾಗಿಲೇನೋ ತೆರೆಯಿತು. ಒಳಗೆ ಬಂದ ತಾಯ್ತಂದೆಯರು ರಾತ್ರಿ ಎಲ್ಲಿ ಒರಗಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಅದೂ ಮಿಲ್ಕ್‌ಶೇಕ್ ಮಾರಾಟದಿಂದ. ಈಗಲ್ಸ್ ತಂಡದ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್ ಅವರ ಪುಟ್ಟ ಮಗಳಿಗೆ ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರೆಯ ಕುರ್ಚಿಗಳಲ್ಲಿ ಮುದುರಿ ಮಲಗುವ, ಯಂತ್ರದಲ್ಲಿ ನಾಣ್ಯ ಹಾಕಿ ತಿಂಡಿ ಪಡೆಯುವ ದೂರದೂರಿನ ಹೆತ್ತವರನ್ನು ಹಿಲ್ ದಂಪತಿ ಅಲ್ಲಿ ಕಂಡರು. ಮಕ್ಕಳ ಕ್ಯಾನ್ಸರ್ ತಜ್ಞೆ ಆಡ್ರಿ ಇವಾನ್ಸ್ ಅವರಿಗೆ ಆಸ್ಪತ್ರೆಯ ಹತ್ತಿರ ಇಂಥವರಿಗೊಂದು ಮನೆ ಬೇಕೆಂಬ ಆಸೆ ಮೊದಲೇ ಇತ್ತು. ತಂಡದ ಮ್ಯಾನೇಜರ್ ಜಿಮ್ ಮರ್ರಿ ಮೆಕ್‌ಡೊನಾಲ್ಡ್ಸ್ ಕಂಪನಿಯನ್ನು ಕೇಳಿದರು: ನಿಮ್ಮ ಹಸಿರು ಮಿಲ್ಕ್‌ಶೇಕ್ ‘ಶ್ಯಾಮ್‌ರಾಕ್ ಶೇಕ್’ ಮಾರಿದ ಹಣದಲ್ಲಿ ಒಂದು ಪಾಲು ಕೊಡುವಿರಾ? ಎಲ್ಲವನ್ನೂ ಕೊಡುತ್ತೇವೆ, ಮನೆಗೆ ನಮ್ಮ ಹೆಸರಿಡಿ ಎಂದರು ಕಂಪನಿಯವರು. 1974ರ ಅಕ್ಟೋಬರ್ 15ರಂದು ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ತೆರೆಯಿತು. ರೊನಾಲ್ಡ್ ಎಂದರೆ ಕಂಪನಿಯ ಜಾಹೀರಾತಿನ ಜೋಕರ್; ಬರ್ಗರ್ ಮಾರುವ ಆ ಜೋಕರ್‌ನ ಹೆಸರು ಮಕ್ಕಳ ಆಸ್ಪತ್ರೆಯ ಪಕ್ಕ ಕೂತದ್ದು ಕೆಲವರಿಗೆ ಇಂದಿಗೂ ಇರುಸುಮುರುಸು. ಅದು ಸಹಜವೇ. ಆದರೂ ಮಾದರಿ ಹಬ್ಬಿತು. ಇಂದು ಜಗತ್ತಿನಾದ್ಯಂತ ಇಂಥ ಮನೆಗಳು 350ಕ್ಕೂ ಹೆಚ್ಚಿವೆ. ವಾರ್ಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸ್ನಾನ ಮಾಡಿ, ಕಾಫಿ ಕುಡಿದು ಬರಬಹುದಾದ ‘ಫ್ಯಾಮಿಲಿ ರೂಮ್’ಗಳು 1992ರಿಂದ ಬಂದವು.

ಮಾಹಿತಿಯ ಕಥೆ ಬೇರೆ. ರೋಗದ ಹೆಸರನ್ನೇ ಸರಿಯಾಗಿ ಕೇಳಿಸಿಕೊಳ್ಳಲಾಗದ ಸ್ಥಿತಿಯಲ್ಲಿರುವ ತಂದೆಗೆ ಮರುದಿನ ಅದನ್ನು ಬಿಡಿಸಿ ಹೇಳುವವರು ಬೇಕು. ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ, ಎವರೆಟ್ ಕೂಪ್ ಸ್ವತಃ ಮಕ್ಕಳ ಶಸ್ತ್ರಚಿಕಿತ್ಸಕರಾಗಿದ್ದವರು. ಚಿಕಿತ್ಸೆಯ ಕೇಂದ್ರದಲ್ಲಿ ಕುಟುಂಬವೂ ಇರಬೇಕೆಂದು ಅವರು 1987ರಲ್ಲಿ ವರದಿ ಹೊರಡಿಸಿದ ಮೇಲೆ, ಹೆತ್ತವರಿಗಾಗಿ ಗ್ರಂಥಾಲಯ, ಸಲಹೆಗಾರರು, ಕಂಪ್ಯೂಟರ್ ಎಲ್ಲವೂ ಇರುವ ಕೇಂದ್ರಗಳು ಅಲ್ಲಿನ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾದವು.

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಯವರಿಲ್ಲದೆ ಕೆಲಸ ಸಾಗದು. ಔಷಧಿ ತರಲು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯಲು, ರಾತ್ರಿ ಡ್ರಿಪ್ ಮುಗಿಯಿತೆಂದು ಸಿಸ್ಟರ್ ಅನ್ನು ಕೂಗಲು ‘ಅಟೆಂಡರ್’ ಬೇಕೇ ಬೇಕು. ಒಬ್ಬರಿಗಷ್ಟೇ ಪಾಸ್, ಉಳಿದವರು ಕಾರಿಡಾರಿನಲ್ಲೋ ಗೇಟಿನ ಬಳಿಯ ಮರದಡಿಯಲ್ಲೋ ಚಾಪೆ ಬಿಚ್ಚುತ್ತಾರೆ. ಇಂಥವರಿಗೆ ಈ ನಾಡು ಕೊಟ್ಟ ಉತ್ತರ ಹಳೆಯದೇ: ಛತ್ರ, ಧರ್ಮಶಾಲೆ. ಮುಂಬೈನ ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯಲ್ಲಿ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯ ರೋಗಿಗಳು ತಂಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿಕೊಟ್ಟಿದೆ.

ಧರ್ಮಶಾಲೆ ಸೂರು ಕೊಡುತ್ತದೆ. ಕೀಮೋ ಪಡೆಯುವ ಮಗುವಿಗೆ ಅಷ್ಟು ಸಾಲದು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡು ಮೂರು ವರ್ಷ ಎಳೆಯುತ್ತದೆ. ಬಿಳಿ ರಕ್ತಕಣ ಇಳಿದ ಮಗುವಿಗೆ ಹತ್ತಾರು ಜನರ ನಡುವಿನ ಕೊಳಕು ನೀರೂ ಪ್ರಾಣಕ್ಕೆ ಎರವಾಗಬಹುದು. ಬಾಡಿಗೆ ಕಟ್ಟಲಾಗದೆ, ಕೂಲಿ ಬಿಟ್ಟು ಇರಲಾಗದೆ ಚಿಕಿತ್ಸೆ ಅರ್ಧಕ್ಕೇ ನಿಲ್ಲಿಸಿ ಊರಿಗೆ ಮರಳುವವರನ್ನು ತಡೆಯಲೆಂದೇ ಶ್ಯಾಮಾ ಮತ್ತು ನಿಹಾಲ್ ಕವಿರತ್ನೆ ದಂಪತಿ 2006ರಲ್ಲಿ ಮುಂಬೈನಲ್ಲಿ ಎಂಟು ಕುಟುಂಬಗಳಿಗೆ ಜಾಗವಿದ್ದ ಸೇಂಟ್ ಜೂಡ್ ಕೇಂದ್ರ ಆರಂಭಿಸಿದರು. ಈಗ ಹಲವು ನಗರಗಳಲ್ಲಿ ಅದರ ಕೇಂದ್ರಗಳಿವೆ. ಅಲ್ಲಿನ ಏರ್ಪಾಟಿನಲ್ಲಿ ಒಂದು ಜಾಣತನವಿದೆ. ಬೇಯಿಸಿದ ಊಟ ಬಡಿಸುವುದಿಲ್ಲ. ವಾರಕ್ಕೊಮ್ಮೆ ರೇಷನ್ ಕೊಟ್ಟು, ಸಾಮೂಹಿಕ ಅಡುಗೆಮನೆಯಲ್ಲಿ ಪ್ರತಿ ಕುಟುಂಬಕ್ಕೂ ಒಂದು ಒಲೆ ಬಿಟ್ಟುಕೊಡುತ್ತಾರೆ. ಬಾಯಿಗೆ ರುಚಿ ಸತ್ತ ಮಗು ಊಟ ಮಾಡಿದರೆ ಅಮ್ಮನ ಕೈಯಡುಗೆಯನ್ನೇ ಮಾಡೀತು. ಬಿಹಾರದ ತಾಯಿ, ಬಂಗಾಳದ ತಾಯಿ ಒಂದೇ ಕಟ್ಟೆಯ ಮುಂದೆ ನಿಂತು ಮಾತಿಗೂ ಸಿಗುತ್ತಾರೆ.

ಸರ್ಕಾರವೂ ಸುಮ್ಮನೆ ಕೂತಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು ಕರ್ನಾಟಕದಲ್ಲೂ ಇವೆ. ಅಲ್ಲಿ ತಾಯಿ ಮಗುವಿನೊಂದಿಗೇ ಉಳಿಯುತ್ತಾಳೆ. ಕಳೆದುಕೊಂಡ ಕೂಲಿಗೆ ಪರಿಹಾರ ಕೊಡುವ ನಿಯಮವಿದೆ. ನವಜಾತ ಶಿಶು ಘಟಕದೊಳಗೆ ಹೆತ್ತವರನ್ನು ಬಿಟ್ಟು, ಆರೈಕೆ ಕಲಿಸುವ ಮಾರ್ಗಸೂಚಿಯನ್ನು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಹೊರಡಿಸಿತು.

ದೂರದ ದೊಡ್ಡಾಸ್ಪತ್ರೆಗೆ ಮಗುವನ್ನು ಕರೆದೊಯ್ಯುವವರು ಒಂದು ಮಾತು ನೆನಪಿಡಬೇಕು. ಸೇಂಟ್ ಜೂಡ್‌ನಂಥ ಕೇಂದ್ರಗಳ ಬಾಗಿಲಿಗೆ ನೇರವಾಗಿ ಹೋದರೆ ಜಾಗ ಸಿಗದು, ಆಸ್ಪತ್ರೆಯ ಶಿಫಾರಸು ಬೇಕು. ಅದನ್ನು ಕೊಡಿಸುವವರು ಅಲ್ಲಿನ ವೈದ್ಯಕೀಯ ಸಮಾಜ ಕಾರ್ಯಕರ್ತರು. ಅವರ ಕೋಣೆ ಎಲ್ಲಿದೆಯೆಂದು ಮೊದಲ ದಿನವೇ ಕೇಳಿ.