ತಲೆಯೆತ್ತಿ ನೋಡಿದರೆ

ಮೈಸೂರಿನ ದೊಡ್ಡ ಗಡಿಯಾರದ ಕೆಳಗೆ ನಾನು ಸುಮಾರು ನಲವತ್ತು ವರ್ಷ ಓಡಾಡಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ತರಗತಿಗೆ ಹೊತ್ತಾಯಿತೆಂದು ಅದನ್ನು ನೋಡಿದ್ದೇನೆ; ಅಧ್ಯಾಪಕನಾದ ಮೇಲೆ ಬಸ್ಸು ತಪ್ಪೀತೆಂದು ನೋಡಿದ್ದೇನೆ. ಹೀಗಿದ್ದೂ ಅದರ ಮುಖದ ಮೇಲಿರುವವು ಕನ್ನಡದ ಅಂಕಿಗಳೆಂಬುದು ನನ್ನ ಗಮನಕ್ಕೆ ಬಂದದ್ದು ನಿವೃತ್ತನಾದ ಮೇಲೆ. ಅದೂ ಪರವೂರಿನಿಂದ ಬಂದ ಸ್ನೇಹಿತರೊಬ್ಬರು ಬೆರಳು ಮಾಡಿ ತೋರಿಸಿದಾಗ. ಎಂ.ಎ. ತರಗತಿಗೆ ಶಾಸನಗಳ ಪಾಠ ಹೇಳುತ್ತ, ಸವೆದ ಕಲ್ಲಿನ ಮೇಲಿನ ಅಂಕಿಯೊಂದು ಮೂರೋ ಆರೋ ಎಂದು ಗಂಟೆಗಟ್ಟಲೆ ಚರ್ಚಿಸಿದವನು ನಾನು. ನಡುಹಗಲಿನಲ್ಲಿ, ನಡುಬೀದಿಯಲ್ಲಿ, ನನ್ನ ತಲೆಯ ಮೇಲೆಯೇ ಇದ್ದ ಅಂಕಿಗಳನ್ನು ಮಾತ್ರ ಓದಿರಲಿಲ್ಲ. ನಾವು ಗಡಿಯಾರದಲ್ಲಿ ಮುಳ್ಳುಗಳನ್ನು ನೋಡುತ್ತೇವೆ, ಅಂಕಿಗಳನ್ನಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಆ ನಾಚಿಕೆ ಸುಲಭವಾಗಿ ಹೋಗಲಿಲ್ಲ.

ಆ ಗೋಪುರ ಎದ್ದದ್ದು ೧೯೨೭ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ಆಗ ಹನ್ನೆರಡು ವರ್ಷ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಹನ್ನೊಂದು. ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಆ ದಿನಗಳಲ್ಲಿ ಊರಿಗೆ ಹೊತ್ತನ್ನು ತಿಳಿಸುವ ಕೆಲಸ ಕನ್ನಡದ ಅಂಕಿಗಳಿಗೆ ದೊರೆಯಿತು. ಇದು ಸಣ್ಣ ಸಂಗತಿ. ಆದರೂ ಒಂದು ಕಾಲದ ಮನಸ್ಸು ಇಂತಹ ಸಣ್ಣ ಸಂಗತಿಗಳಲ್ಲಿ ತನ್ನ ಗುರುತನ್ನು ಬಿಟ್ಟುಹೋಗುತ್ತದೆ.

ಅಂದಿನಿಂದ ನನ್ನ ಬೆಳಗಿನ ತಿರುಗಾಟದ ರೀತಿಯೇ ಬದಲಾಯಿತು. ಓಲೆಗರಿಯನ್ನು ಓದುವವನು ಕಾವ್ಯವನ್ನಷ್ಟೇ ಅಲ್ಲದೆ ಅಂಚಿನಲ್ಲಿ ಲಿಪಿಕಾರ ಗೀಚಿದ ಮಾತನ್ನೂ ನೋಡುವನಲ್ಲವೆ? ಹಾಗೆಯೇ ಕಟ್ಟಡಗಳ ಅಂಚುಗಳನ್ನು ನೋಡತೊಡಗಿದೆ.

ಅರಮನೆಯನ್ನೇ ತೆಗೆದುಕೊಳ್ಳಿ. ಕಲ್ಯಾಣಮಂಟಪಕ್ಕೆ ಬಂದವರೆಲ್ಲ ಕತ್ತೆತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡಿ ಬೆರಗಾಗುತ್ತಾರೆ. ಆ ಚಾವಣಿಯನ್ನು ಹೊತ್ತ ಕಂಬಗಳತ್ತ ಕಣ್ಣು ಹಾಯಿಸುವವರು ವಿರಳ. ಅವು ಕಲ್ಲಿನವಲ್ಲ, ಮರದವಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು. ಮದುವೆಯ ಮಂಟಪಕ್ಕೆ ಕಬ್ಬಿಣವೇಕೆ? ೧೮೯೭ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿಯೇ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿತ್ತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ೧೯೧೨ರಲ್ಲಿ ಮುಗಿಯಿತು. ಬೆಂಕಿಯನ್ನು ಕಂಡವರು ಕಟ್ಟಿಸಿದ ಮನೆ ಇದು ಎಂಬುದನ್ನು ನವಿಲುಗಳು ಹೇಳುವುದಿಲ್ಲ, ಕಂಬಗಳು ಹೇಳುತ್ತವೆ.

ಅರಮನೆಯ ಮಾತು ಬಿಡಿ, ಅದನ್ನು ನೋಡಲು ಲೋಕವೇ ಬರುತ್ತದೆ. ಯಾರೂ ನೋಡಲು ಬಾರದ ಇನ್ನೊಂದು ಕಡೆಗೆ ಕರೆದೊಯ್ಯುತ್ತೇನೆ. ಕೃಷ್ಣಮೂರ್ತಿಪುರದಂತಹ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕಿರಿದಾದ ಓಣಿಯೊಂದಿರುತ್ತದೆ. ಜನ ಅದನ್ನು ಇಂದಿಗೂ ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಊರನ್ನು ನಡುಗಿಸಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಕೇರಿಗಳೇ ರೋಗದ ತವರೆಂದು ಆಗಿನವರು ಬಗೆದರು. ೧೯೦೩ರಲ್ಲಿ ನಗರಾಭಿವೃದ್ಧಿಗಾಗಿಯೇ ಒಂದು ವಿಶ್ವಸ್ತ ಮಂಡಲಿ ಸ್ಥಾಪಿತವಾಯಿತು. ನೇರವಾದ ಬೀದಿಗಳು, ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿಗಳು, ಮನೆಯ ಹಿಂದೆ ಈ ಓಣಿ, ಎಲ್ಲವೂ ಆ ಭಯದಿಂದ ಹುಟ್ಟಿದ ವಿವೇಕದ ಫಲ.

ಇಷ್ಟೇ ಆಗಿದ್ದರೆ ಹೆಮ್ಮೆಯಿಂದ ಮುಂದೆ ಹೋಗಬಹುದಾಗಿತ್ತು. ಆದರೆ ಆ ಓಣಿಯಲ್ಲಿ ನಿಧಾನವಾಗಿ ನಡೆದರೆ, ಕೆಲವು ಹಿತ್ತಿಲ ಗೋಡೆಗಳ ಬುಡದಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದ, ಇಟ್ಟಿಗೆಯಿಂದ ಮುಚ್ಚಿದ ಕಿಂಡಿಯ ಗುರುತು ಕಾಣುತ್ತದೆ. ಬಾಲ್ಯದಲ್ಲಿ ಅದು ತೆರೆದಿದ್ದುದನ್ನು ನಾನು ಕಂಡಿದ್ದೇನೆ. ಒಳಗೆ ಪಾಯಿಖಾನೆ, ಅದರಡಿ ಒಂದು ಡಬ್ಬ. ಬೆಳಗಿನ ಜಾವ ಯಾರೋ ಬಂದು, ಬಗ್ಗಿ, ಅದನ್ನು ಹೊರಗೆಳೆದು, ಬರಿದು ಮಾಡಿ, ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದರು. ‘ಯಾರೋ’ ಎಂದೆ, ಅವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ಮುಂಬಾಗಿಲ ಬೀದಿಗೆ ಬಾರದೆ, ನಮ್ಮ ಕಣ್ಣಿಗೆ ಬೀಳದೆ ಕೆಲಸ ಮುಗಿಸಿ ಹೋಗಲೆಂದೂ ಆ ಓಣಿ ಇತ್ತು. ೧೯೭೦ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಂದೊಂದಾಗಿ ಕಿಂಡಿಗಳು ಮುಚ್ಚಿದವು. ಊರಿನ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ದಿವಾನರ ಹೆಸರಿದೆ, ವೈಸರಾಯರ ಹೆಸರಿದೆ. ಈ ಮನುಷ್ಯರಿಗೆ ಇರುವ ಶಾಸನ ಆ ಮುಚ್ಚಿದ ಕಿಂಡಿಯೊಂದೇ.

ನೋಡಿದರೆ ಸಾಲದು, ಸರಿಯಾಗಿ ಓದಲೂ ಬೇಕು. ನಮ್ಮ ಮನೆ ೧೮೬೫ನೆಯ ಇಸವಿಯದೆಂದು ನಮ್ಮ ತಂದೆಯವರು ಬಂದವರಿಗೆಲ್ಲ ಅಭಿಮಾನದಿಂದ ಹೇಳುತ್ತಿದ್ದರು. ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಹೆಸರಿನೊಡನೆ ಆ ಇಸವಿ ಅಚ್ಚೊತ್ತಿತ್ತು. ಸಾಕ್ಷಿಗೆ ಇನ್ನೇನು ಬೇಕು? ಅವರು ಕಾಲವಾದ ಎಷ್ಟೋ ವರ್ಷಗಳ ಮೇಲೆ ನನಗೆ ನಿಜ ತಿಳಿಯಿತು. ೧೮೬೫ ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಆಮೇಲೆ ಸುಟ್ಟ ಹೆಂಚುಗಳ ಮೇಲೂ ಅದೇ ಇಸವಿಯ ಮುದ್ರೆ ಬೀಳುತ್ತಿತ್ತು. ನಮ್ಮ ಮನೆಯಿದ್ದ ಬಡಾವಣೆಯಾದರೋ ಆ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ! ಕವಿಯ ಕಾಲ ಬೇರೆ, ಪ್ರತಿ ಮಾಡಿದವನ ಕಾಲ ಬೇರೆ ಎಂದು ಮೂವತ್ತು ವರ್ಷ ಪಾಠ ಹೇಳಿದವನ ಮನೆಯ ಮಾಡಿನಲ್ಲಿಯೇ ಈ ಪಾಠ ಕುಳಿತಿತ್ತು.

ಇಂತಹ ಗುರುತುಗಳ ಆಯುಸ್ಸು ಹೆಚ್ಚಿಲ್ಲ. ೧೮೯೨ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಉರುಳಿತು. ಕೆಡವಿ ಕಟ್ಟಬೇಕೆ, ಉಳಿಸಿ ದುರಸ್ತು ಮಾಡಬೇಕೆ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ದೊಡ್ಡ ಕಟ್ಟಡಗಳಿಗೆ ವಾದಿಸುವವರಾದರೂ ಇದ್ದಾರೆ. ಬೆಳಕಿಂಡಿಗೆ, ಹೊಸ್ತಿಲಿಗೆ, ಮನೆಯ ಹಣೆಯ ಮೇಲೆ ಗಾರೆಯಲ್ಲಿ ಬರೆದ ಇಸವಿಗೆ ವಕೀಲರಿಲ್ಲ. ಒಂದು ಬೆಳಗ್ಗೆ ಮನೆಯಿರುತ್ತದೆ. ಮುಂದಿನ ವಾರ ಅಲ್ಲಿ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಮಾರಾಟಕ್ಕಿಟ್ಟ ಬಾಗಿಲುವಾಡ.

ಹಳೆಯದೆಲ್ಲವನ್ನೂ ಕಾಪಾಡಿಕೊಳ್ಳಿ ಎಂದು ನಾನು ಹೇಳಲಾರೆ. ಸೋರುವ ಮನೆಯಲ್ಲಿ ಚರಿತ್ರೆಗಾಗಿ ವಾಸಮಾಡಿ ಎನ್ನುವುದು ನ್ಯಾಯವಲ್ಲ. ಕೆಡಹುವ ಮೊದಲು ಒಮ್ಮೆ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡಿ, ಬೀದಿಯ ಹಿರಿಯರನ್ನು ಕೇಳಿ ಎಂದಷ್ಟೇ ನನ್ನ ಬಿನ್ನಹ.

ಈಚೆಗೆ ನಾನು ಓಣಿಯಲ್ಲಿ ನಿಂತು ಕಿಂಡಿಯೊಂದರ ಅಳತೆ ಬರೆದುಕೊಳ್ಳುತ್ತಿದ್ದಾಗ ಆ ಮನೆಯನ್ನು ಹೊಸದಾಗಿ ಕೊಂಡ ತರುಣರು ಹೊರಗೆ ಬಂದರು. “ಏನು ನೋಡ್ತಿದೀರಿ ಸಾರ್?” ಎಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಗಾರೆಯವರು ಬರ್ತಾರೆ. ಇದರ ಮೇಲೂ ಸಿಮೆಂಟು ಬಳಿಯಬೇಕು ಅಂತಿದ್ದೆ. ಬೇಡವೇ?” ಎಂದು ಕೇಳಿದರು. ಬಿಟ್ಟರೆ ಒಳ್ಳೆಯದು ಎಂದೆ. ಗೋಡೆಯ ಉಳಿದ ಭಾಗಕ್ಕೆಲ್ಲ ಈಗ ಸಿಮೆಂಟು ಬಿದ್ದಿದೆ. ಆ ಒಂದು ಮೊಳ ಜಾಗದಲ್ಲಿ ಮಾತ್ರ ಹಳೆಯ ಇಟ್ಟಿಗೆ ಹಾಗೆಯೇ ಇದೆ.